ನಾಯಿಯ ಜೊಲ್ಲು: ಯಾವುದು ಸಹಜ, ಯಾವುದು ಕಾಯಿಲೆ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಆರು ವರ್ಷದ ಗಂಡು ಲ್ಯಾಬ್ರಡಾರ್ ಇದೆ. ಊಟದ ಹೊತ್ತಿಗೆ ಜೊಲ್ಲು ಸುರಿಸುವುದು ಅದಕ್ಕೆ ಮೊದಲಿನಿಂದಲೂ ಇದ್ದದ್ದೇ. ಆದರೆ ಈಗ ಮೂರು ವಾರಗಳಿಂದ ಹೊತ್ತುಗೊತ್ತಿಲ್ಲದೆ ಬಾಯಿಯ ಬಲಗಡೆಯಿಂದ ಜೊಲ್ಲು ಇಳಿಯುತ್ತಿದೆ. ಅದು ಮಲಗುವ ಗೋಣಿಚೀಲ ಒದ್ದೆಯಾಗುತ್ತದೆ, ಜೊತೆಗೆ ಕೆಟ್ಟ ವಾಸನೆ. ಮುದ್ದೆ, ಮೊಸರನ್ನ ತಿನ್ನುತ್ತದೆ. ಮೂಳೆ ಕೊಟ್ಟರೆ ಬಾಯಿಗೆ ಹಾಕಿಕೊಂಡು ಕೆಳಗೆ ಬಿಡುತ್ತದೆ. ಆಟ, ಓಡಾಟ ಮೊದಲಿನ ಹಾಗೆಯೇ ಇದೆ. ರೇಬಿಸ್ ಲಸಿಕೆ ಹಾಕಿಸಿ ಎರಡು ವರ್ಷ ದಾಟಿದೆ. ಅಕ್ಕಪಕ್ಕದವರು ‘ಹುಚ್ಚು ಹಿಡಿದಿರಬೇಕು, ಹೊಡೆದು ಹಾಕಿ’ ಎನ್ನುತ್ತಾರೆ. ನಮ್ಮ ಮಾವನವರು ‘ಬಿಸಿಲಿಗೆ ಹಾಗಾಗುತ್ತದೆ, ಸುಮ್ಮನಿರಿ’ ಎನ್ನುತ್ತಾರೆ. ಎಂಟು ವರ್ಷದ ಮಗಳು ದಿನವಿಡೀ ಅದರ ಜೊತೆಯೇ ಆಡುತ್ತಾಳೆ. ನಾವು ಏನು ಮಾಡಬೇಕು?

ಉತ್ತರ: ಹೊಡೆದು ಹಾಕುವ ಮಾತನ್ನು ಮೊದಲು ಬಿಟ್ಟುಬಿಡಿ. ನೀವು ಬರೆದಿರುವ ವಿವರಗಳೇ ನಿಮ್ಮ ನಾಯಿಯ ಪರವಾಗಿ ಸಾಕ್ಷಿ ಹೇಳುತ್ತಿವೆ. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ನಾಯಿ ಹತ್ತು ದಿನ ಉಳಿಯುವುದೇ ಅಪರೂಪ. ಮೂರು ವಾರಗಳಿಂದ ಮುದ್ದೆ ನುಂಗುತ್ತ, ನೀರು ಕುಡಿಯುತ್ತ, ಮನೆಯವರನ್ನು ಗುರುತು ಹಿಡಿದು ಆಡುತ್ತಿರುವ ನಾಯಿಯ ಜೊಲ್ಲಿಗೆ ಕಾರಣ ರೇಬಿಸ್ ಅಲ್ಲ. ನಿಮ್ಮ ಮಾವನವರು ಹೇಳುವ ಬಿಸಿಲೂ ಅಲ್ಲ. ಬಿಸಿಲಿನ ಜೊಲ್ಲು ಏದುಸಿರಿನ ಜೊತೆ ಬಾಯಿಯ ಎರಡೂ ಕಡೆಯಿಂದ ಇಳಿಯುತ್ತದೆ, ನೆರಳಿನಲ್ಲಿ ಸ್ವಲ್ಪ ಹೊತ್ತು ಮಲಗಿದರೆ ನಿಲ್ಲುತ್ತದೆ. ರಾತ್ರಿ ಮಲಗಿದಾಗ ಗೋಣಿಚೀಲ ನೆನೆಸುವುದಿಲ್ಲ.

ಒಂದೇ ಪಕ್ಕದಿಂದ ಜೊಲ್ಲು, ದುರ್ವಾಸನೆ, ಮೆತ್ತಗಿನದು ಬೇಕು ಗಟ್ಟಿಯದು ಬೇಡ ಎನ್ನುವ ನಡವಳಿಕೆ. ಈ ಮೂರೂ ಒಟ್ಟಿಗೆ ಬಂದಾಗ ಪಶುವೈದ್ಯರು ಮೊದಲು ನೋಡುವುದು ಬಾಯಿಯ ಆ ಪಕ್ಕದ ಹಲ್ಲು, ಒಸಡನ್ನು. ಹಲ್ಲು ಸೀಳಿರಬಹುದು, ಬೇರಿನಲ್ಲಿ ಕೀವು ಕಟ್ಟಿರಬಹುದು ಅಥವಾ ಏನಾದರೂ ಚುಚ್ಚಿಕೊಂಡು ಅಲ್ಲೇ ಉಳಿದಿರಬಹುದು. ನಾಯಿಯನ್ನು ಕಣ್ಣಾರೆ ನೋಡದೆ ಇಂಥದ್ದೇ ಎಂದು ಹೇಳಲಾಗದು. ಆದರೆ ಈ ವಾರದೊಳಗೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಮೂರು ವಾರ ನೋವು ತಿಂದಿರುವ ಪ್ರಾಣಿ ಅದು. ನಾಯಿಗಳು ಹಲ್ಲುನೋವಿಗೆ ಕೂಗಾಡುವುದು ತೀರ ಕಡಿಮೆ. ತಿನ್ನುವುದನ್ನೂ ಬಿಡುವುದಿಲ್ಲ, ಅಗಿಯುವ ಪಕ್ಕ ಬದಲಿಸಿಕೊಂಡು ಅಥವಾ ಅಗಿಯದೆ ನುಂಗಿಕೊಂಡು ದಿನ ದೂಡುತ್ತವೆ. ‘ಊಟ ಮಾಡುತ್ತಿದೆಯಲ್ಲ’ ಎಂದು ಮನೆಯವರು ತಿಂಗಳುಗಟ್ಟಲೆ ಸುಮ್ಮನಿರುವುದಕ್ಕೆ ಇದೇ ಕಾರಣ.

ಈಗ ಜೊಲ್ಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಅರ್ಥ ಮಾಡಿಕೊಂಡರೆ ಮುಂದೆ ಯಾವಾಗ ಹೆದರಬೇಕು, ಯಾವಾಗ ಬೇಡ ಎನ್ನುವುದು ನಿಮಗೇ ತಿಳಿಯುತ್ತದೆ. ನಾಯಿಗೆ ನಾಲ್ಕು ಜೋಡಿ ದೊಡ್ಡ ಲಾಲಾಗ್ರಂಥಿಗಳಿವೆ: ಕಿವಿಯ ಬುಡದಲ್ಲಿ, ದವಡೆಯ ಮೂಲೆಯಲ್ಲಿ, ನಾಲಗೆಯ ಕೆಳಗೆ, ಕೆನ್ನೆಮೂಳೆಯ ಒಳಬದಿಯಲ್ಲಿ. ನಮ್ಮ ಎಂಜಲಿನಲ್ಲಿ ಅನ್ನದ ಪಿಷ್ಟವನ್ನು ಒಡೆಯುವ ಕಿಣ್ವ ಸಾಕಷ್ಟಿದೆ. ನಾಯಿಯ ಎಂಜಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಅದರ ಲಾಲಾರಸಕ್ಕೆ ಮುಖ್ಯ ಕೆಲಸವೆಂದರೆ ತುತ್ತನ್ನು ಜಾರುವಂತೆ ಮಾಡುವುದು ಮತ್ತು ಬಾಯಿಯನ್ನು ತೊಳೆಯುತ್ತಿರುವುದು. ಈ ರಸ ಎಡೆಬಿಡದೆ ಊರುತ್ತಲೇ ಇರುತ್ತದೆ, ನಾಯಿ ಅರಿವಿಲ್ಲದೆ ನುಂಗುತ್ತಲೇ ಇರುತ್ತದೆ. ಹಾಗಾಗಿ ಜೊಲ್ಲು ಹೊರಗೆ ಬರುವುದಕ್ಕೆ ದಾರಿಗಳು ಎರಡೇ. ರಸ ಮಾಮೂಲಿಗಿಂತ ಹೆಚ್ಚು ಊರಬೇಕು, ಇಲ್ಲವೆ ಊರಿದ ರಸವನ್ನು ನುಂಗಲು ಆಗದಿರಬೇಕು. ವಾಕರಿಕೆ, ವಿಷ, ಭಯ, ಬಾಯಿಯ ಉರಿ ಮೊದಲನೆಯ ದಾರಿಯವು. ಗಂಟಲಲ್ಲಿ ಸಿಕ್ಕಿದ ಮೂಳೆ, ಜೋತುಬಿದ್ದ ದವಡೆ, ರೇಬಿಸ್ ಎರಡನೆಯ ದಾರಿಯವು. ಹಲ್ಲುನೋವು ಎರಡೂ ದಾರಿ ಹಿಡಿಯುತ್ತದೆ. ಕೆರಳಿದ ಒಸಡು ರಸವನ್ನು ಹೆಚ್ಚಿಸುತ್ತದೆ, ನೋವಿಗೆ ನಾಯಿ ಬಾಯಿಯನ್ನು ಸರಿಯಾಗಿ ಮುಚ್ಚುವುದೂ ಇಲ್ಲ, ನುಂಗುವುದೂ ಇಲ್ಲ.

ಇನ್ನು ಕೆಲವು ನಾಯಿಗಳಿಗೆ ತುಟಿಯ ರಚನೆಯೇ ಹಾಗೆ. ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್, ಗ್ರೇಟ್ ಡೇನ್, ಬಾಕ್ಸರ್ ತಳಿಗಳ ಮೇಲ್ತುಟಿ ಜೋಳಿಗೆಯ ಹಾಗೆ ಜೋತಿರುತ್ತದೆ. ರಸ ಅಲ್ಲಿ ಸಂಗ್ರಹವಾಗಿ, ತಲೆ ಕೊಡವಿದಾಗ ಗೋಡೆಗೆಲ್ಲ ಹಾರುತ್ತದೆ. ಇಂಥ ನಾಯಿ ತಂದವರು ಬಟ್ಟೆಯೊಂದನ್ನು ಹೆಗಲ ಮೇಲಿಟ್ಟುಕೊಂಡೇ ಓಡಾಡಬೇಕು, ಚಿಕಿತ್ಸೆ ಏನೂ ಬೇಕಾಗಿಲ್ಲ. ಗಲ್ಲದ ಮಡಿಕೆಗಳನ್ನು ದಿನವೂ ಒರೆಸಿ ಒಣಗಿಸಿದರೆ ಸಾಕು, ಇಲ್ಲದಿದ್ದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ನಮ್ಮ ಮುಧೋಳ ನಾಯಿಯ ಮೂತಿ ನೋಡಿ, ತುಟಿ ದವಡೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬೀದಿಯ ನಾಟಿ ನಾಯಿಗಳದ್ದೂ ಹಾಗೆಯೇ. ಮುಧೋಳವೋ ನಾಟಿ ನಾಯಿಯೋ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಜೊಲ್ಲು ಸುರಿಸತೊಡಗಿದರೆ, ಸೇಂಟ್ ಬರ್ನಾರ್ಡ್ ಸುರಿಸುವುದಕ್ಕಿಂತ ಹತ್ತು ಪಾಲು ಹೆಚ್ಚು ಗಮನ ಕೊಡಬೇಕು.

ಲ್ಯಾಬ್ರಡಾರ್ ಇವೆರಡರ ನಡುವಿನದು. ಸುಮ್ಮನೆ ಕುಳಿತಾಗ ಜೊಲ್ಲು ಇರುವುದಿಲ್ಲ, ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಾದರೆ ಎರಡು ಕಡೆಯಿಂದಲೂ ಎಳೆ ಇಳಿಯುತ್ತದೆ. ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೋವ್ ತಮ್ಮ ಪ್ರಯೋಗಾಲಯದ ನಾಯಿಗಳಲ್ಲಿ ಕಂಡದ್ದೂ ಇದನ್ನೇ. ಊಟ ಬಾಯಿಗೆ ಬೀಳುವ ಮೊದಲೇ, ಊಟ ತರುವವರು ಕಣ್ಣಿಗೆ ಬಿದ್ದ ಮಾತ್ರಕ್ಕೆ ಅವುಗಳ ಬಾಯಲ್ಲಿ ನೀರೂರುತ್ತಿತ್ತು. ನಿಮ್ಮ ನಾಯಿಯ ಹಳೆಯ ಅಭ್ಯಾಸ ಈ ಬಗೆಯದು, ಅದಕ್ಕೆ ಚಿಂತೆ ಬೇಡ. ನೀವು ಗಮನಿಸಬೇಕಾದದ್ದು ಜೊಲ್ಲಿನ ಪ್ರಮಾಣವನ್ನಲ್ಲ, ಬದಲಾವಣೆಯನ್ನು. ಮೊದಲು ಇಲ್ಲದ್ದು ಈಗ ಶುರುವಾಯಿತೇ, ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲೂ ಇದೆಯೇ, ಒಂದೇ ಕಡೆಯೇ, ತಿಳಿಯಾಗಿದೆಯೇ ಅಂಟಂಟಾಗಿದೆಯೇ, ರಕ್ತದ ಎಳೆ ಇದೆಯೇ. ಇಷ್ಟನ್ನು ನೋಡಿಕೊಂಡು ಬಂದ ಮನೆಯವರು ವೈದ್ಯರ ಅರ್ಧ ಕೆಲಸ ಮುಗಿಸಿಕೊಟ್ಟಂತೆ.

ಬಾಯಿಯನ್ನು ನೀವೇ ಸ್ವಲ್ಪ ನೋಡಬಹುದು. ಆದರೆ ದವಡೆ ತೆರೆಯಬೇಡಿ, ಬೆರಳು ಒಳಗೆ ಹಾಕಬೇಡಿ. ಹಗಲು ಬೆಳಕಿನಲ್ಲಿ ಒಬ್ಬರು ನಾಯಿಯನ್ನು ಮಾತಾಡಿಸುತ್ತ ಕೊರಳಪಟ್ಟಿ ಹಿಡಿದಿರಲಿ, ಇನ್ನೊಬ್ಬರು ಪಕ್ಕದಿಂದ ಹೆಬ್ಬೆರಳಿನಲ್ಲಿ ಮೇಲ್ತುಟಿಯನ್ನಷ್ಟೇ ಮೇಲಕ್ಕೆ ಸರಿಸಲಿ. ಹಲ್ಲು ಕಚ್ಚಿಕೊಂಡೇ ಇರುತ್ತದೆ, ಹೊರಮೈ ಪೂರ್ತಿ ಕಾಣುತ್ತದೆ. ಕೋರೆಹಲ್ಲಿನಿಂದ ಹಿಂದಕ್ಕೆ ಹೋದರೆ ಮೇಲ್ದವಡೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಬೆಟ್ಟದ ತುದಿಯಂತೆ ಚೂಪಾದ ಒಂದು ಹಲ್ಲು ಸಿಗುತ್ತದೆ. ಮಾಂಸ ಕತ್ತರಿಸುವ, ಮೂಳೆ ಕಡಿಯುವ ಹಲ್ಲು ಅದು, ಅದಕ್ಕೆ ಮೂರು ಬೇರು. ಗಟ್ಟಿ ಮೂಳೆ ಕಡಿಯುವ ನಾಯಿಗಳಲ್ಲಿ ಹೆಚ್ಚಾಗಿ ಒಡೆಯುವ ಹಲ್ಲುಗಳಲ್ಲಿ ಇದೂ ಒಂದು. ಹೊರಮೈಯ ಒಂದು ಚಕ್ಕೆ ಸೀಳಿ ಎದ್ದಿರುತ್ತದೆ. ಸೀಳಿದ ಜಾಗದ ನಡುವೆ ಗುಲಾಬಿ ಅಥವಾ ಕಪ್ಪು ಚುಕ್ಕೆ ಕಂಡರೆ ಹಲ್ಲಿನ ಒಳತಿರುಳು ತೆರೆದುಕೊಂಡಿದೆ ಎಂದರ್ಥ. ಗುಲಾಬಿಯಾದರೆ ಈಚಿನದು, ಕಪ್ಪಾದರೆ ಹಳೆಯದು. ಎಡಗಡೆಯ ಅದೇ ಹಲ್ಲನ್ನೂ ನೋಡಿ ಹೋಲಿಸಿ, ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ.

ಈ ಹಲ್ಲಿನ ಬೇರು ಕಣ್ಣಿನ ಕೆಳಗಿನವರೆಗೂ ಹೋಗಿರುತ್ತದೆ. ಆದ್ದರಿಂದ ಬೇರಿನಲ್ಲಿ ಕಟ್ಟಿದ ಕೀವು ಕೆಲವೊಮ್ಮೆ ಬಾಯಲ್ಲಿ ಕಾಣದೆ ಕಣ್ಣಿನ ಕೆಳಗೆ ಬಾವಾಗಿ ಎದ್ದು ಒಡೆಯುತ್ತದೆ. ಮನೆಯವರು ಜೇನುಹುಳು ಕಚ್ಚಿತೆಂದೋ ಬೇಲಿಮುಳ್ಳು ತಾಗಿತೆಂದೋ ಅರಿಶಿನ ಹಚ್ಚುತ್ತಾರೆ. ಗಾಯ ಮಾಯುತ್ತದೆ, ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಒಡೆಯುತ್ತದೆ. ನಿಮ್ಮ ನಾಯಿಯ ಬಲಗಣ್ಣಿನ ಕೆಳಗೆ ಬೆರಳಾಡಿಸಿ ನೋಡಿ. ಉಬ್ಬಿದ್ದರೆ, ಮುಟ್ಟಿದಾಗ ತಲೆ ಎಳೆದುಕೊಂಡರೆ, ಮೂಲ ಹಲ್ಲಿನಲ್ಲೇ ಇರುವ ಸಾಧ್ಯತೆ ಹೆಚ್ಚು.

ನಿಮ್ಮ ಊರಿನ ಕಡೆ ಇನ್ನೊಂದನ್ನು ನಾನು ಮರೆಯದೆ ಕೇಳುತ್ತೇನೆ: ನಾಯಿ ಕಬ್ಬು ಅಗಿಯುತ್ತದೆಯೇ? ಕಟಾವಿನ ಕಾಲದಲ್ಲಿ ಗದ್ದೆಯಲ್ಲೂ ಆಲೆಮನೆಯ ಸುತ್ತಲೂ ಜಲ್ಲೆಯ ತುಂಡುಗಳು ಬಿದ್ದಿರುತ್ತವೆ. ಸಿಹಿಯ ಆಸೆಗೆ ನಾಯಿಗಳು ಅದನ್ನು ಕಡಿಯುತ್ತವೆ. ಕಬ್ಬಿನ ಸಿಪ್ಪೆಯ ಸಿಬಿರು ಚಾಕುವಿನಷ್ಟು ಹರಿತ. ಹಲ್ಲು ಮತ್ತು ಒಸಡಿನ ಸಂದಿಗೆ ಇಳಿದರೆ ಅಲ್ಲೇ ಕೊಳೆತು ನಾರುತ್ತದೆ, ಒಸಡು ಊದಿ ಅದನ್ನು ಮುಚ್ಚಿಬಿಡುತ್ತದೆ. ಆಗ ಹೊರಗಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ, ಜೊಲ್ಲು ಮಾತ್ರ ನಿಲ್ಲುವುದಿಲ್ಲ. ಇದೇ ರೀತಿ ಕಡ್ಡಿಯ ತುಂಡು ಅಥವಾ ಮೂಳೆಯ ಚೂರು ಅಂಗುಳಿಗೆ ಅಡ್ಡಲಾಗಿ, ಎರಡು ಕಡೆಯ ದವಡೆಹಲ್ಲುಗಳ ನಡುವೆ ತೊಲೆಯಿಟ್ಟಂತೆ ಸಿಕ್ಕಿಕೊಳ್ಳುವುದುಂಟು. ಅಂಥ ನಾಯಿ ಮುಂಗಾಲಿನಿಂದ ಮೂತಿಯನ್ನು ಪರಚುತ್ತಲೇ ಇರುತ್ತದೆ. ಮಟನ್ ಸಾರಿನ ನಲ್ಲಿಮೂಳೆಯನ್ನು ಉಂಗುರದಂತೆ ಕತ್ತರಿಸಿರುತ್ತಾರಲ್ಲ, ಅದು ಕೆಳದವಡೆಯ ಕೋರೆಹಲ್ಲುಗಳನ್ನು ದಾಟಿ ಹಿಂದಕ್ಕೆ ಸರಿದು ಕೂತುಬಿಟ್ಟರೆ ಮನೆಯಲ್ಲಿ ತೆಗೆಯಲು ಹೋಗಬೇಡಿ. ಅರಿವಳಿಕೆ ಕೊಟ್ಟು ಕತ್ತರಿಸಿ ತೆಗೆಯಬೇಕಾಗುತ್ತದೆ. ನಾಲಗೆಯ ಬುಡಕ್ಕೆ ದಾರ ಸುತ್ತಿಕೊಂಡಿದ್ದರೂ ಎಳೆಯಬೇಡಿ, ಅದರ ಇನ್ನೊಂದು ತುದಿ ಕರುಳಿನಲ್ಲಿ ಇರಬಹುದು.

ಬಾಯಿಯ ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಹಲ್ಲಿನ ಮೇಲೆ ಕಂದು ಪಾಚಿ ಗಟ್ಟಿಯಾಗಿ ಒಸಡು ಕೆಂಪಾಗಿರುವುದು ಮೂರು ವರ್ಷ ದಾಟಿದ ಹೆಚ್ಚಿನ ನಾಯಿಗಳಲ್ಲಿ ಸ್ವಲ್ಪವಾದರೂ ಇರುತ್ತದೆ. ಮರಿಗಳಲ್ಲಿ ನಾಲ್ಕರಿಂದ ಆರು ತಿಂಗಳ ನಡುವೆ 28 ಹಾಲುಹಲ್ಲು ಬಿದ್ದು 42 ಗಟ್ಟಿಹಲ್ಲು ಬರುವಾಗ ಜೊಲ್ಲು ಸಾಮಾನ್ಯ. ಇದೇ ವಯಸ್ಸಿನಲ್ಲಿ ಕರೆಂಟ್ ವೈರ್ ಕಚ್ಚಿ ಬಾಯಿ ಸುಟ್ಟುಕೊಳ್ಳುವ ಅಪಾಯವೂ ಇದೆ. ಗಲ್ಲದ ಕೆಳಗೆ ಅಥವಾ ನಾಲಗೆಯ ಅಡಿಯಲ್ಲಿ ನೋವಿಲ್ಲದ ಮೆತ್ತನೆಯ ಗುಳ್ಳೆ ಬಂದರೆ ಲಾಲಾಗ್ರಂಥಿಯ ನಾಳ ಒಡೆದು ರಸ ಅಲ್ಲಿ ತುಂಬಿರಬಹುದು. ವಯಸ್ಸಾದ ನಾಯಿಯ ಬಾಯಲ್ಲಿ ಬೆಳೆಯುವ ಯಾವುದೇ ಗಂಟನ್ನು, ಅದರಲ್ಲೂ ರಕ್ತ ಒಸರುವ ಕಪ್ಪು ಗಂಟನ್ನು, ತಡಮಾಡದೆ ತೋರಿಸಿ. ಒಳ್ಳೆಯ ಗಂಟೋ ಕ್ಯಾನ್ಸರೋ ಎನ್ನುವುದು ತುಣುಕು ತೆಗೆದು ಪರೀಕ್ಷಿಸಿದರೆ ಮಾತ್ರ ಗೊತ್ತಾಗುತ್ತದೆ.

ಬಾಯಿ ಚೆನ್ನಾಗಿದ್ದೂ ಜೊಲ್ಲು ಬರುವುದು ಬೇರೆ. ಕಾರಿನಲ್ಲಿ ಮೈಸೂರಿನಿಂದ ಹೊರಟ ನಾಯಿ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಆಕಳಿಸಿ, ತುಟಿ ನೆಕ್ಕಿ, ಜೊಲ್ಲು ಸುರಿಸಿ ಕೊನೆಗೆ ವಾಂತಿ ಮಾಡಿಕೊಂಡರೆ ಅದು ಪ್ರಯಾಣದ ವಾಕರಿಕೆ. ಮರಿಗಳಲ್ಲಿ ಹೆಚ್ಚು, ಬೆಳೆದಂತೆ ಹಲವಕ್ಕೆ ಬಿಟ್ಟುಹೋಗುತ್ತದೆ. ಭಯಕ್ಕೂ ಬಾಯಲ್ಲಿ ನೀರು ತುಂಬುತ್ತದೆ. ದಸರೆಗೆ ಮುನ್ನ ಆನೆಗಳಿಗೆ ಅಭ್ಯಾಸವಾಗಲೆಂದು ಕುಶಾಲತೋಪು ಹಾರಿಸುವ ದಿನಗಳಲ್ಲಿ, ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ಮಂಚದ ಕೆಳಗೆ ನಡುಗುತ್ತ ಜೊಲ್ಲು ಸುರಿಸುವ ನಾಯಿಗಳು ನೂರಾರು. ಅವನ್ನು ಗದರಿಸಬೇಡಿ, ಎಳೆದು ಹೊರಗೆ ತರಬೇಡಿ. ಕಿಟಕಿ ಮುಚ್ಚಿ, ಜೊತೆಯಲ್ಲಿ ಕುಳಿತುಕೊಳ್ಳಿ. ಪ್ರತಿ ವರ್ಷ ಹೀಗಾಗುವ ನಾಯಿಗೆ ಹಬ್ಬಕ್ಕೆ ಮೊದಲೇ ವೈದ್ಯರಿಂದ ಔಷಧ ಬರೆಸಿಕೊಳ್ಳಬಹುದು. ಇನ್ನು, ಕಹಿ ಮಾತ್ರೆ ನಾಲಗೆಗೆ ತಾಗಿದರೆ ಬಾಯಿ ತುಂಬ ನೊರೆ ಬರುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹಾಲಿಗೆ ಹಾಕಿದವರು ಈ ನೊರೆ ಕಂಡು ಗಾಬರಿಯಿಂದ ಫೋನ್ ಮಾಡುತ್ತಾರೆ. ಅದು ಬರಿಯ ಕಹಿ, ಸ್ವಲ್ಪ ನೀರು ಕುಡಿಸಿದರೆ ಕಡಿಮೆಯಾಗುತ್ತದೆ. ಮಾತ್ರೆಯನ್ನು ಪುಡಿಮಾಡದೆ ಮುದ್ದೆಯ ಸಣ್ಣ ಉಂಡೆಯೊಳಗೆ ಇಟ್ಟು ನುಂಗಿಸಿ.

ಮೂತ್ರಪಿಂಡ ಸೋತ ನಾಯಿಯಲ್ಲೂ ಜೊಲ್ಲು ಕಾಣುತ್ತದೆ. ಜೊತೆಗೆ ಬಾಯಿಹುಣ್ಣು, ಅಮೋನಿಯದ ವಾಸನೆ, ವಾಂತಿ, ಅತಿಯಾದ ಬಾಯಾರಿಕೆ ಇರುತ್ತವೆ. ಇಲಿಗಳು ಹೆಚ್ಚಿರುವ ಭತ್ತದ ಗದ್ದೆಗಳ ಕಡೆ ಇಲಿಜ್ವರ ನಾಯಿಗೂ ಬರುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಹಾಗಾಗಿ ನಿಮ್ಮ ನಾಯಿಗೆ ಹಲ್ಲಿನ ಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡಿಸೋಣ ಎಂದು ವೈದ್ಯರು ಹೇಳಿದರೆ ದಂಡದ ಖರ್ಚು ಎಂದುಕೊಳ್ಳಬೇಡಿ. ಅರಿವಳಿಕೆ ತಡೆದುಕೊಳ್ಳುವ ಶಕ್ತಿ ಇದೆಯೇ ಎನ್ನುವುದೂ ಅದರಿಂದಲೇ ತಿಳಿಯುವುದು.

ಇಲ್ಲಿಯವರೆಗೆ ಹೇಳಿದವುಗಳಲ್ಲಿ ಹೆಚ್ಚಿನವಕ್ಕೆ ಒಂದೆರಡು ದಿನದ ಸಮಯವಿದೆ. ಇದ್ದಕ್ಕಿದ್ದಂತೆ ಧಾರಾಕಾರವಾಗಿ ಸುರಿಯುವ ಜೊಲ್ಲಿಗೆ ಸಮಯವಿಲ್ಲ. ಕಬ್ಬು, ಭತ್ತದ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೀಟನಾಶಕವನ್ನು. ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ವರ್ಗದ ಔಷಧಗಳು ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹರಿಯುವುದರಿಂದ ಗ್ರಂಥಿಗಳೆಲ್ಲ ಒಟ್ಟಿಗೆ ಸುರಿಸುತ್ತವೆ. ಜೊಲ್ಲು, ಕಣ್ಣೀರು, ಹಿಡಿತವಿಲ್ಲದ ಮೂತ್ರ, ಭೇದಿ, ವಾಂತಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಮಾಂಸಖಂಡಗಳು ಅದುರುತ್ತವೆ, ಆಮೇಲೆ ಉಸಿರಾಟ ನಿಲ್ಲುತ್ತದೆ. ಇದಕ್ಕೆ ಮದ್ದು ಇದೆ. ಅಟ್ರೋಪಿನ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕರೆ ಸಾಯುವ ಸ್ಥಿತಿಯಲ್ಲಿರುವ ನಾಯಿಯೂ ಎದ್ದು ಕೂರುವುದುಂಟು. ಔಷಧದ ಬಾಟಲಿ ಅಥವಾ ಪೊಟ್ಟಣ ಸಿಕ್ಕರೆ ಜೊತೆಯಲ್ಲೇ ತೆಗೆದುಕೊಂಡು ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ, ದಯವಿಟ್ಟು ಬಿಡಿ. ಆ ಉಪ್ಪೇ ನಾಯಿಗೆ ವಿಷವಾಗಬಹುದು, ನಡುಗುತ್ತಿರುವ ನಾಯಿಯ ಶ್ವಾಸಕೋಶಕ್ಕೆ ನೀರು ನುಗ್ಗಬಹುದು. ಹಾಲು, ಎಣ್ಣೆ, ಹುಣಿಸೆನೀರು ಇವೂ ಬೇಡ.

ಉಣ್ಣೆ ಹೆಚ್ಚಾಯಿತೆಂದು ಹಸುವಿಗೆ ಹಾಕುವ ಔಷಧವನ್ನೇ ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಬಳಿಯುವವರು ಬಹಳ ಮಂದಿ. ನಾಯಿ ಮೈ ನೆಕ್ಕಿಕೊಳ್ಳುತ್ತದೆ, ಸ್ವಲ್ಪ ಹೊತ್ತಿನಲ್ಲೇ ಜೊಲ್ಲು, ತೂರಾಟ ಶುರುವಾಗುತ್ತದೆ. ಕೂಡಲೇ ಸೋಪು ಹಾಕಿ ಮೈ ಪೂರ್ತಿ ತೊಳೆದು ವೈದ್ಯರ ಬಳಿಗೆ ಹೋಗಿ. ನಾಯಿಯ ತೂಕಕ್ಕೆ ಅಳತೆ ಮಾಡಿದ ಉಣ್ಣೆ ಔಷಧಗಳು ಬೇರೆಯೇ ಇವೆ. ನೆಲ ಒರೆಸುವ ಫಿನಾಯಿಲ್ ಒಣಗುವ ಮೊದಲೇ ನಾಯಿ ಅದರ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೂ ಬಾಯಿ, ಗಂಟಲು ಸುಡುತ್ತದೆ.

ಮಳೆಗಾಲದ ಸಂಜೆ ನೆಲಗಪ್ಪೆಗಳು ಹೊರಬರುತ್ತವೆ. ಮೈತುಂಬ ಗಂಟುಗಂಟಿರುವ ಈ ಕಪ್ಪೆಯ ಕಿವಿಯ ಹಿಂದಿನ ಗ್ರಂಥಿಯಲ್ಲಿ ವಿಷವಿದೆ. ನಾಯಿ ಬಾಯಿ ಹಾಕಿದ ಕ್ಷಣವೇ ನೊರೆ ಕಾರುತ್ತ, ತಲೆ ಕೊಡವುತ್ತ, ಮೂತಿಯನ್ನು ನೆಲಕ್ಕೆ ಉಜ್ಜುತ್ತದೆ. ನೋಡುವವರಿಗೆ ಎದೆ ಒಡೆಯುತ್ತದೆ, ಆದರೆ ಇಲ್ಲಿ ಮನೆಯ ಪ್ರಥಮ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆ. ನಾಯಿಯ ಮೂತಿಯನ್ನು ಕೆಳಮುಖವಾಗಿ ಹಿಡಿದು, ಪೈಪಿನ ನೀರನ್ನು ಬಾಯಿಯ ಪಕ್ಕದಿಂದ ಮುಂದಕ್ಕೆ ಹರಿಯುವಂತೆ ಐದು ಹತ್ತು ನಿಮಿಷ ಬಿಡಿ. ನೀರು ಗಂಟಲಿಗೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒಸಡು ಒರೆಸಿ. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ, ವಾಂತಿ, ತೂರಾಟ, ಸೆಳೆತ ಬಂದರೆ ಆಸ್ಪತ್ರೆಗೆ ಓಡಿ. ನಾಲೆಯ ಬದಿಯ ಕೆಸುವಿನ ಎಲೆ, ಮನೆಯೊಳಗಿನ ಮನಿಪ್ಲಾಂಟ್, ಡೈಫೆನ್‌ಬೇಕಿಯಾ ಅಗಿದರೂ ಹೀಗೆಯೇ ಬಾಯಿ ತುರಿಸಿ ಜೊಲ್ಲು ಬರುತ್ತದೆ. ಅವುಗಳ ರಸದಲ್ಲಿರುವ ಸೂಜಿಯಂಥ ಹರಳುಗಳು ಇದಕ್ಕೆ ಕಾರಣ. ತೊಳೆದರೆ ಸಾಮಾನ್ಯವಾಗಿ ಶಮನವಾಗುತ್ತದೆ.

ಬೇಸಿಗೆಯ ಬಗ್ಗೆ ನಿಮ್ಮ ಮಾವನವರ ಕಾಳಜಿ ಸುಳ್ಳಲ್ಲ. ನಾಯಿಯ ಸಹಜ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿತೆಂದರೆ ಅಪಾಯ. ಒಸಡು ಕಡುಕೆಂಪಾಗಿ, ಜೊಲ್ಲು ಗೋಂದಿನಂತೆ ದಪ್ಪಗಾಗಿ, ನಿಂತಲ್ಲಿ ವಾಲಾಡಿದರೆ ಮೈಮೇಲೆ ತಣ್ಣೀರು ಸುರಿದು, ಫ್ಯಾನ್ ಹಾಕಿ, ದಾರಿಯಲ್ಲೂ ನೀರು ಹಾಕುತ್ತಲೇ ಕರೆದುಕೊಂಡು ಹೋಗಬೇಕು. ಮೂತಿ ಮೊಂಡಾದ ಪಗ್‌ಗಳಿಗೆ ಇದು ಬೇಗ ಬರುತ್ತದೆ. ಹಾಗೆಯೇ ಎದೆಯ ಗೂಡು ಆಳವಾಗಿರುವ ದೊಡ್ಡ ನಾಯಿ ಊಟದ ನಂತರ ಹೊಟ್ಟೆ ಉಬ್ಬಿಸಿಕೊಂಡು, ಜೊಲ್ಲು ಸುರಿಸುತ್ತ, ವಾಂತಿಗೆ ಪ್ರಯತ್ನಿಸಿಯೂ ಏನೂ ಬರದೆ ಒದ್ದಾಡಿದರೆ ಜಠರ ತಿರುಚಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ರೇಬಿಸ್ ಬಗ್ಗೆ ನಿಮ್ಮ ನೆರೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ನಿಮ್ಮ ನಾಯಿಯಲ್ಲಿ ಅದು ಇಲ್ಲ, ಆದರೆ ಭಯಕ್ಕೆ ಆಧಾರವಿದೆ. ವೈರಾಣು ಇರುವುದು ಜೊಲ್ಲಿನಲ್ಲೇ. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಅದು ಜೊಲ್ಲಿಗೆ ಬಂದಿರುತ್ತದೆ. ಜನ ಕಲ್ಪಿಸಿಕೊಳ್ಳುವುದು ಎಲ್ಲರನ್ನೂ ಅಟ್ಟಿಸಿಕೊಂಡು ಕಚ್ಚುವ ನಾಯಿಯನ್ನು. ಇನ್ನೊಂದು ರೂಪ ಅಷ್ಟೇ ಭೀಕರ, ಅದು ಸದ್ದಿಲ್ಲದ್ದು. ನಾಯಿ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ನಾಲಗೆ ಹೊರಚಾಚುತ್ತದೆ, ನೀರು ಕುಡಿಯಲು ಹೋದರೂ ನುಂಗಲಾಗದೆ ಜೊಲ್ಲು ಹಗ್ಗದಂತೆ ಇಳಿಯುತ್ತದೆ, ಬೊಗಳುವ ದನಿ ಒಡಕಾಗುತ್ತದೆ. ಮನೆಯವರು ‘ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ’ ಎಂದುಕೊಂಡು ಬಾಯಿಗೆ ಕೈ ಹಾಕುತ್ತಾರೆ. ಈ ಒಂದು ಕರುಣೆಯಿಂದ ಜೀವ ಕಳೆದುಕೊಳ್ಳುವ ಸಾಧ್ಯತೆ ಇದೆ. ಲಸಿಕೆ ಇಲ್ಲದ ನಾಯಿಯ ದವಡೆ ಜೋತುಬಿದ್ದಿದ್ದರೆ, ನಡವಳಿಕೆ ಬದಲಾಗಿದ್ದರೆ, ಬಾಯಿಯ ಹತ್ತಿರವೂ ಕೈ ಒಯ್ಯಬೇಡಿ. ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರನ್ನು ಕರೆಸಿ. ದವಡೆಯ ನರ ಊದಿಕೊಂಡು ಇದೇ ರೀತಿ ಬಾಯಿ ಜೋತುಬೀಳುವ, ಕೆಲವು ವಾರಗಳಲ್ಲಿ ತಾನೇ ಗುಣವಾಗುವ ಇನ್ನೊಂದು ಕಾಯಿಲೆಯೂ ಇದೆ. ಎರಡನ್ನೂ ಬೇರೆ ಮಾಡಿ ನೋಡುವ ಕೆಲಸ ವೈದ್ಯರಿಗಿರಲಿ.

ನಿಮ್ಮ ಮಗಳ ವಿಷಯ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ರೇಬಿಸ್ ಬರುವುದಿಲ್ಲ, ಕೈ ತೊಳೆದರೆ ಸಾಕು. ತೆರೆದ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ಜೊಲ್ಲು ತಾಗುವುದು ಕಚ್ಚಿದಷ್ಟೇ ಗಂಭೀರ. ನೋವಿರುವ ನಾಯಿ ಮುಖದ ಹತ್ತಿರ ಬಂದವರನ್ನು ತಟ್ಟನೆ ಕಚ್ಚಬಹುದು, ಎಷ್ಟೇ ಸಾಧುವಾಗಿದ್ದರೂ. ಹಲ್ಲಿನ ಚಿಕಿತ್ಸೆ ಮುಗಿಯುವವರೆಗೆ ಅದರ ಮೂತಿ ಮುಟ್ಟದಂತೆ ಅವಳಿಗೆ ತಿಳಿಹೇಳಿ. ಯಾವುದೇ ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಕಾಫಿಪುಡಿ ಹಚ್ಚಬಾರದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಹಾಕುತ್ತಾರೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಪ್ರತಿಕಾಯದ ಚುಚ್ಚುಮದ್ದೂ ಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಚಿಕಿತ್ಸೆ ಇಲ್ಲ. ನಾಯಿಗಾದರೋ ಮೂರು ತಿಂಗಳ ವಯಸ್ಸಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಪ್ರತಿ ವರ್ಷ. ನೀವು ಎರಡು ವರ್ಷ ಬಿಟ್ಟಿರುವುದು ನನಗೆ ಹಲ್ಲಿಗಿಂತ ಹೆಚ್ಚಿನ ಚಿಂತೆ ತಂದಿದೆ. ಹಲ್ಲು ತೋರಿಸಲು ಹೋದಾಗ ಲಸಿಕೆಯ ದಿನವನ್ನೂ ಕೇಳಿ ಗೊತ್ತುಮಾಡಿಕೊಂಡೇ ಬನ್ನಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆಂದರೆ, ಅರಿವಳಿಕೆ ಕೊಟ್ಟು ಬಾಯಿ ಪೂರ್ತಿ ತೆರೆದು ನೋಡುತ್ತಾರೆ, ಎಕ್ಸ್‌ರೇ ಇದ್ದಲ್ಲಿ ಬೇರಿನ ಚಿತ್ರ ತೆಗೆಯುತ್ತಾರೆ. ಸಿಬಿರಿದ್ದರೆ ತೆಗೆದು ತೊಳೆದರೆ ಮುಗಿಯಿತು. ಹಲ್ಲು ಸೀಳಿ ಬೇರಿಗೆ ಸೋಂಕು ತಗುಲಿದ್ದರೆ ಹಲ್ಲನ್ನು ಮೂರು ಭಾಗ ಮಾಡಿ ಒಂದೊಂದೇ ಬೇರನ್ನು ಎಬ್ಬಿಸಿ ತೆಗೆಯುತ್ತಾರೆ. ಬರಿಯ ಆಂಟಿಬಯೋಟಿಕ್ ಚುಚ್ಚುಮದ್ದು ಹಾಕಿಸಿ ಕೈತೊಳೆದುಕೊಳ್ಳುವುದಕ್ಕೆ ನಾನು ವಿರೋಧಿ. ವಾರದಲ್ಲಿ ವಾಸನೆ ಇಳಿಯುತ್ತದೆ, ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ, ಬೇರಿನಲ್ಲಿ ಕೀವು ಹಾಗೆಯೇ ಉಳಿದಿರುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನಂತೂ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡುತ್ತವೆ.

ಒಂದು ಹಲ್ಲು ಹೋದರೆ ನಾಯಿಗೆ ಊಟಕ್ಕೆ ತೊಂದರೆಯಿಲ್ಲ; ಹೊಲಿಗೆ ಮಾಯುವವರೆಗೆ ಎರಡು ವಾರ ಮೆತ್ತಗಿನ ಮುದ್ದೆ, ಗಂಜಿ, ಮೂಳೆ ತೆಗೆದ ಕೋಳಿಮಾಂಸ ಕೊಡಿ. ಆಮೇಲೂ ಬೇಯಿಸಿದ ಮೂಳೆ ಬೇಡ, ಅದು ಚೂಪಾಗಿ ಸೀಳುತ್ತದೆ. ಅಗಿಯಲು ಏನು ಕೊಡುವುದಾದರೂ ನಿಮ್ಮ ಉಗುರಿನಿಂದ ಒತ್ತಿ ನೋಡಿ, ಗೆರೆ ಮೂಡದಷ್ಟು ಗಟ್ಟಿಯಿದ್ದರೆ ಹಲ್ಲಿಗೂ ಅದು ಹೆಚ್ಚು. ಕಬ್ಬಿನ ಜಲ್ಲೆಯನ್ನು ಕಣ್ಣಿಗೆ ಬೀಳದಂತೆ ಇಡಿ. ನಾಯಿಗೆಂದೇ ಇರುವ ಪೇಸ್ಟಿನಿಂದ ವಾರಕ್ಕೆ ಮೂರ್ನಾಲ್ಕು ಸಲ ಹಲ್ಲುಜ್ಜಿದರೂ ಒಳ್ಳೆಯದು. ನಮ್ಮ ಪೇಸ್ಟು ಬೇಡ, ಅವು ಉಗುಳುವುದಿಲ್ಲ.

ಹೊರಡುವ ಹಿಂದಿನ ದಿನ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ರಾತ್ರಿ ಹತ್ತರ ನಂತರ ಊಟ ಬೇಡ, ನೀರು ಇರಲಿ. ಹೊಟ್ಟೆ ಖಾಲಿಯಿದ್ದರೆ ಅಗತ್ಯ ಬಿದ್ದಾಗ ಅದೇ ದಿನ ಅರಿವಳಿಕೆ ಕೊಡಬಹುದು, ಇನ್ನೊಮ್ಮೆ ಅಷ್ಟು ದೂರ ಬರುವುದು ತಪ್ಪುತ್ತದೆ. ಹಳೆಯ ಲಸಿಕೆ ಪುಸ್ತಕ ಇದ್ದರೆ ತನ್ನಿ. ಜೊಲ್ಲು ಹೆಚ್ಚಾಗಿ ಇಳಿಯುವಾಗ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ, ಏಕೆಂದರೆ ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ನಾಯಿ ಬಾಯಿ ಬಿಗಿಹಿಡಿದು ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತದೆ.